ಲೈನ್ ಪ್ರಕಾರ ಬರೆದ ಹೆಸರುಗಳು

ನಮ್ಮ ವಂಶದಲ್ಲಿ ಮೊದಲು ಡಿಗ್ರಿ ಮಾಡಿದವಳು ನಾನು. ಇದನ್ನು ಹೇಳಿಕೊಳ್ಳುವುದಕ್ಕೆ ನನಗೆ ಸಂಕೋಚವಿಲ್ಲ. ಅಪ್ಪ ದೊಡ್ಡಬಳ್ಳಾಪುರದಲ್ಲಿ ಬೇರೆಯವರ ಪವರ್‌ಲೂಮಿನಲ್ಲಿ ಕೂಲಿಗೆ ನೇಯುತ್ತಿದ್ದ. ಕರೆಂಟಿದ್ದ ದಿನ ಕೆಲಸ, ಸೀರೆ ಓಡಿದ ತಿಂಗಳು ಕೆಲಸ. ಅಮ್ಮ ಗಾರ್ಮೆಂಟ್ಸ್‌ನಲ್ಲಿ ಶರ್ಟಿಗೆ ಕಾಲರ್ ಕೂರಿಸುವ ಟೈಲರ್. ಮಧುರೆ ಕಡೆಯ ನಮ್ಮ ಹಳ್ಳಿಯಿಂದ ಬೆಳಿಗ್ಗೆ ಏಳಕ್ಕೆ ಕಂಪನಿ ವ್ಯಾನು ಹತ್ತಿದರೆ ಮತ್ತೆ ಇಳಿಯುವುದು ಸಂಜೆ ಏಳಕ್ಕೆ. ಹದಿನಾಲ್ಕು ವರ್ಷ ಅದೇ ಫ್ಯಾಕ್ಟರಿ, ಅದೇ ಲೈನು, ಹೆಚ್ಚೂಕಮ್ಮಿ ಅದೇ ಮಿಷನ್ನು. ಅವಳು ಅಲ್ಲಿ ಕೂತಿದ್ದರಿಂದ ನಾನು ಕಾಲೇಜಿನ ಬೆಂಚಿನಲ್ಲಿ ಕೂತೆ. ಲೆಕ್ಕ ಅಷ್ಟು ಸರಳ.

ಬಿ.ಎ. ಮುಗಿಸಿ ಎಂ.ಎ.ಗೆ ಅರ್ಜಿ ಹಾಕಿ ಮನೆಯಲ್ಲಿ ಕೂತಿದ್ದ ದಿನಗಳಲ್ಲಿ ನಾನು ಊರಿಗೆ ಅರ್ಜಿ ಬರೆಯುವವಳಾದೆ. ವೃದ್ಧಾಪ್ಯ ವೇತನ ನಿಂತವರು, ಪಹಣಿಯಲ್ಲಿ ಹೆಸರು ತಪ್ಪಾದವರು, ರೇಷನ್ ಕಾರ್ಡಿನಿಂದ ಸೊಸೆಯ ಹೆಸರು ಬಿಟ್ಟುಹೋದವರು, ಎಲ್ಲರೂ ನಮ್ಮ ಜಗಲಿಗೆ ಬರುತ್ತಿದ್ದರು. ತಾಲೂಕು ಕಚೇರಿಗೆ ಅಲೆದು ಅಲೆದು ನಾನು ಆ ವಿದ್ಯೆ ಕಲಿತೆ. ಒಬ್ಬರ ಅರ್ಜಿಯನ್ನು ಯಾರೂ ಓದುವುದಿಲ್ಲ, ಊರಿನ ಅರ್ಜಿಯನ್ನು ಓದುತ್ತಾರೆ. ಸಹಿಗಳನ್ನು ಬೇಕಾಬಿಟ್ಟಿ ಹಾಕಿಸಿದರೆ ಬೆಲೆ ಇಲ್ಲ. ಗೆರೆ ಎಳೆದು, ಕ್ರಮಸಂಖ್ಯೆ ಕೊಟ್ಟು, ಹೆಸರು, ತಂದೆ ಅಥವಾ ಗಂಡನ ಹೆಸರು, ಮನೆ ನಂಬರು ಬರೆದು ಪಕ್ಕದಲ್ಲಿ ಸಹಿ ಮಾಡಿಸಬೇಕು. ಎಲ್ಲಕ್ಕಿಂತ ಮುಖ್ಯ, ಒಂದು ನಕಲು ಇಟ್ಟುಕೊಂಡು ಅದಕ್ಕೆ ಸೀಲ್ ಹಾಕಿಸಬೇಕು. ಗುಮಾಸ್ತರು ಅರ್ಜಿ ತೆಗೆದುಕೊಳ್ಳಲು ತಕರಾರು ಮಾಡುವುದಿಲ್ಲ, ಸೀಲ್ ಹಾಕಲು ಮಾಡುತ್ತಾರೆ. ಸೀಲ್ ಬಿದ್ದರೆ ಅವರು ಸಿಕ್ಕಿಕೊಂಡ ಹಾಗೆ. ಹಾಗಾಗಿ ನಾನು ಸಂಜೆ ಐದೂವರೆಯಾದರೂ ಕಿಟಕಿ ಬಿಟ್ಟು ಕದಲುತ್ತಿರಲಿಲ್ಲ.

ಬೆಳಗಿನ ಬಸ್ಸು ನಮ್ಮೂರ ಗೇಟಿನಲ್ಲಿ ನಿಲ್ಲುವಂತೆ ಮಾಡಿದ್ದು ನನ್ನ ಒಂದು ಅರ್ಜಿ. ಎಂಬತ್ತಾರು ಸಹಿ. ಆಮೇಲೆ ಟೀ ಅಂಗಡಿಯವನೂ ನನ್ನನ್ನು ‘ಮೇಡಂ’ ಎನ್ನತೊಡಗಿದ. ನನಗೆ ಅದು ಹಿಡಿಸಿತು. ಹಿಡಿಸಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ.

ಫ್ಯಾಕ್ಟರಿಯ ಸಂಗತಿ ಶುರುವಾದದ್ದು ಬಿಲ್ಲೆಯಿಂದ. ಅಮ್ಮನ ಲೈನಿನಲ್ಲಿ, ಅಂದರೆ ಅವಳ ಮಿಷನ್ ಸಾಲಿನಲ್ಲಿ, ನಲವತ್ತು ಚಿಲ್ಲರೆ ಹೆಂಗಸರು. ಶೌಚಕ್ಕೆ ಹೋಗಬೇಕೆಂದರೆ ಸೂಪರ್‌ವೈಸರ್ ಮೇಜಿನ ಮೇಲೆ ನೇತು ಹಾಕಿದ ಹಳದಿ ಪ್ಲಾಸ್ಟಿಕ್ ಬಿಲ್ಲೆಯನ್ನು ಕೊರಳಿಗೆ ಹಾಕಿಕೊಂಡು ಹೋಗಬೇಕು. ಲೈನಿಗೆ ಒಂದೇ ಬಿಲ್ಲೆ. ಹೋದವಳು ಬಂದ ಮೇಲೆ ಇನ್ನೊಬ್ಬಳು. ಹೆಂಗಸರು ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದರು. ಅಮ್ಮ ಬೆಳಿಗ್ಗೆ ತುಂಬಿಸಿಕೊಂಡು ಹೋದ ಬಾಟಲಿ ಸಂಜೆ ಮುಕ್ಕಾಲು ತುಂಬಿಯೇ ವಾಪಸ್ ಬರುತ್ತಿತ್ತು. ನಾನು ಅದನ್ನು ಎಷ್ಟೋ ವರ್ಷ ನೋಡಿದ್ದೆ, ಏಕೆಂದು ಕೇಳಿರಲಿಲ್ಲ.

ಅದನ್ನೇ ಅವರು ತಮಾಷೆ ಮಾಡಿಕೊಂಡು ನಗುತ್ತಿದ್ದರು. ನಮ್ಮ ಪಕ್ಕದ ಮನೆಯಾಕೆ, ಅಮ್ಮನ ಪಕ್ಕದ ಮಿಷನ್ನಿನವಳು, ಸಂಬಂಧವಲ್ಲದಿದ್ದರೂ ನಾನು ಚಿಕ್ಕಮ್ಮ ಎನ್ನುತ್ತಿದ್ದೆ, ಅವಳ ಬಾಯಿ ಮುಂದೆ ಯಾರೂ ಇರಲಿಲ್ಲ.

“ನಮ್ ಯಜಮಾನ್ರು ಕಟ್ಟಿದ್ ತಾಳಿನ ಬೇಕಾದ್ರೆ ಮನೇಲ್ ಬಿಚ್ಚಿಟ್ಟು ಬರ್ಬೋದು ಕಣಕ್ಕ. ಆ ಬಿಲ್ಲೆ ಇಲ್ದೆ ಒಂದ್ ಹೆಜ್ಜೆ ಇಡಂಗಿಲ್ಲ” ಎನ್ನುತ್ತಿದ್ದಳು.

ಆ ಚಿಕ್ಕಮ್ಮನಿಗೆ ಸಕ್ಕರೆ ಕಾಯಿಲೆ. ಒಂದು ಮಧ್ಯಾಹ್ನ ರವಾನೆಗೆ ಮಾಲು ತಡವಾಗಿತ್ತೆಂದು ಸೂಪರ್‌ವೈಸರ್ ಬಿಲ್ಲೆಯನ್ನು ಡ್ರಾಯರಿನಲ್ಲಿ ಹಾಕಿ ಬೀಗ ಹಾಕಿದ. ಅವಳು ಎರಡು ಸಲ ಎದ್ದು ಹೋಗಿ ಕೇಳಿದಳು. ಮೂರನೆಯ ಸಲ ಏಳಲಾಗಲಿಲ್ಲ. ಕೂತಲ್ಲೇ ಆಗಿಹೋಯಿತು. ಸೂಪರ್‌ವೈಸರ್ ಹೌಸ್‌ಕೀಪಿಂಗಿನವರನ್ನು ಕರೆಯದೆ, ಅವಳ ಕೈಗೇ ಬಟ್ಟೆ ಕೊಟ್ಟು ಒರೆಸಲು ಹೇಳಿದ. ಅವಳು ಮಂಡಿಯೂರಿ ಒರೆಸುತ್ತಿದ್ದಾಗ ಅಮ್ಮ ಮಿಷನ್ ನಿಲ್ಲಿಸಿ, ಹೋಗಿ ಅವಳ ಜೊತೆ ಕೂತು ಒರೆಸಿದಳು. ಅಷ್ಟೇ ಅಮ್ಮ ಮಾಡಿದ್ದು.

ಮುಂದಿನ ಭಾನುವಾರ ನಮ್ಮ ಮನೆಯಲ್ಲಿ ಹನ್ನೆರಡು ಹೆಂಗಸರು ಸೇರಿದರು. ಬೆಂಗಳೂರಿನಿಂದ ಗಾರ್ಮೆಂಟ್ಸ್ ಕೆಲಸಗಾರರ ಸಂಘದ ಒಬ್ಬ ಹೆಂಗಸು ಬಂದಿದ್ದಳು. ಎಲ್ಲರೂ ಅವಳನ್ನು ಸಂಘದ ಅಕ್ಕ ಎಂದೇ ಕರೆದರು. ತಾನೂ ಹಿಂದೆ ಟೈಲರಾಗಿದ್ದವಳು, ಎಡಗೈ ಹೆಬ್ಬೆರಳಿಗೆ ಸೂಜಿ ಹೊಕ್ಕ ಗುರುತಿತ್ತು. ಅವಳು ಹೇಳಿದ್ದು ಬಹಳ ಸರಳವಾಗಿತ್ತು. ಮೊದಲು ನೂರು ಜನ ಸದಸ್ಯರಾಗಬೇಕು. ಫಾರಂಗಳು ತನ್ನ ಬಳಿ ಇರುತ್ತವೆ. ಸಂಘ ನೋಂದಣಿಯಾದ ಮೇಲೆ ಏಳು ಜನ ಪದಾಧಿಕಾರಿಗಳು ಹೋಗಿ ಮಾತಾಡುತ್ತಾರೆ.

“ಅಲ್ಲಿವರ್ಗೂ ಯಾರ್ ಹೆಸ್ರೂ ಆಫೀಸಿಗೆ ಗೊತ್ತಾಗ್ಬಾರ್ದು. ಎಷ್ಟು ಜನ ಅಂತ ಗೊತ್ತಾಗ್ಲಿ, ಯಾರ್ಯಾರು ಅಂತ ಬೇಡ” ಎಂದಳು.

“ಎಷ್ಟ್ ದಿನ ಆಯ್ತದೆ ಅಕ್ಕಾ?” ಎಂದು ಚಿಕ್ಕಮ್ಮ ಕೇಳಿದಳು.

“ಆರ್ ತಿಂಗ್ಳು. ಜಾಸ್ತಿನೂ ಆಗ್ಬೋದು.”

“ಆರ್ ತಿಂಗ್ಳು ನಾನ್ ತಡ್ಕೊಂಡಿರ್ಬೇಕಾ?”

ಎಲ್ಲರೂ ನಕ್ಕರು. ಅವಳೂ ನಕ್ಕಳು. ನಾನು ನಗಲಿಲ್ಲ. ಆರು ತಿಂಗಳು ಏಕೆ ಬೇಕು ಎಂದು ನನಗೆ ಅರ್ಥವಾಗಲಿಲ್ಲ. ನಾನು ಬಸ್ಸನ್ನು ಹದಿನೈದು ದಿನದಲ್ಲಿ ನಿಲ್ಲಿಸಿದವಳು.

ಸಂಘದ ಅಕ್ಕ ಹೋದ ಮೇಲೆ ನಾನು ನನ್ನ ಯೋಚನೆ ಹೇಳಿದೆ. ಲೈನಿಗೆ ಮೂರು ಬಿಲ್ಲೆ, ಕುಡಿಯುವ ನೀರು ಹತ್ತಿರದಲ್ಲಿ, ಕೆಟ್ಟ ಮಾತಾಡುವ ಸೂಪರ್‌ವೈಸರ್ ಬದಲಾವಣೆ, ಇಷ್ಟನ್ನು ಅರ್ಜಿಯಲ್ಲಿ ಕೇಳೋಣ. ಸಂಘ ಅದರ ಪಾಡಿಗೆ ಆಗಲಿ. ನೂರು ಸಹಿ ಕಂಡರೆ ಯಾವ ಆಫೀಸರಾದರೂ ಬಗ್ಗುತ್ತಾನೆ. ಹನ್ನೆರಡು ಜನರಲ್ಲಿ ಯಾರೂ ಬೇಡವೆನ್ನಲಿಲ್ಲ. “ಅವ್ಳು ಓದಿರೋಳು, ಅವ್ಳಿಗೆ ಗೊತ್ತಿರ್ತದೆ” ಎಂದರು. ಆ ಮಾತು ಮೊದಲು ಹೇಳಿದವಳು ನನ್ನ ಅಮ್ಮ.

ಎರಡು ವಾರದಲ್ಲಿ ನೂರ ಹದಿನಾಲ್ಕು ಸಹಿ ಬಂದವು. ವ್ಯಾನಿನಲ್ಲಿ, ಊಟದ ಕೋಣೆಯಲ್ಲಿ, ಚೀಟಿಗಳ ಮೇಲೆ ಹೆಸರು ಬರೆದು ಸಹಿ ಹಾಕಿಸಿಕೊಂಡು ಅಮ್ಮ ರವಿಕೆಯಲ್ಲಿಟ್ಟು ತರುತ್ತಿದ್ದಳು. ನಾನು ಉದ್ದ ಹಾಳೆಗೆ ಸ್ಕೇಲಿನಲ್ಲಿ ಗೆರೆ ಎಳೆದು ಪಟ್ಟಿ ಮಾಡಿದೆ. ಕ್ರಮಸಂಖ್ಯೆ, ಹೆಸರು, ಫ್ಯಾಕ್ಟರಿ ಕೊಟ್ಟ ಟೋಕನ್ ನಂಬರು, ಲೈನ್ ನಂಬರು, ಊರು, ಸಹಿ. ಬರೆದ ಮೇಲೆ ನೋಡಿದರೆ ಲೈನುಗಳು ಕಲಸಿಹೋಗಿದ್ದವು, ನನಗೆ ಸರಿಕಾಣಲಿಲ್ಲ. ಹರಿದು ಹಾಕಿ, ಒಂದನೇ ಲೈನಿನವರು ಒಟ್ಟಿಗೆ, ಎರಡನೇ ಲೈನಿನವರು ಒಟ್ಟಿಗೆ ಎಂದು ವಿಂಗಡಿಸಿ ಇನ್ನೊಮ್ಮೆ ಬರೆದೆ. ಸಹಿಗಳನ್ನು ಮತ್ತೆ ಹಾಕಿಸಲು ಅಮ್ಮ ಮತ್ತೊಂದು ವಾರ ಓಡಾಡಿದಳು.

ಅಮ್ಮ ಮೂರನೇ ಕ್ಲಾಸು. ನಾನು ಹೈಸ್ಕೂಲಿನಲ್ಲಿದ್ದಾಗ ನನ್ನ ಹಳೆಯ ಪುಸ್ತಕಗಳನ್ನು ಇಟ್ಟುಕೊಂಡು ಓದು ಕಲಿತಳು, ಒತ್ತಕ್ಷರ ಬಂದರೆ ನಿಂತು ನಿಂತು. ಆ ಅರ್ಜಿಯನ್ನು ಅವಳು ಮೊದಲಿಂದ ಕೊನೆಯವರೆಗೆ ತಾನೇ ಓದಿ, ಆಮೇಲೆ ಸಹಿ ಹಾಕಿದಳು. ‘ಘನತೆ’ ಎಂಬ ಪದದ ಮೇಲೆ ಬೆರಳಿಟ್ಟು ಕೇಳಿದಳು.

“ಇದೇನ್ ಮಗಾ?”

“ಮರ್ಯಾದೆ ಇದ್ದಂಗೆ ಕಣಮ್ಮ.”

“ಮತ್ತೆ ಮರ್ಯಾದೆ ಅಂತ್ಲೇ ಬರಿ. ಅವ್ರಿಗೂ ಅರ್ಥ ಆಗ್ಬೇಕಲ್ಲ.”

ಹಾಗೇ ಬರೆದೆ.

ಅರ್ಜಿ ಕೊಡುವ ದಿನ ನಾನೂ ಗೇಟಿನವರೆಗೆ ಹೋದೆ. ಊಟದ ಬಿಡುವಿನಲ್ಲಿ ಅಮ್ಮನೂ ಚಿಕ್ಕಮ್ಮನೂ ಸೆಕ್ಯುರಿಟಿ ಕೋಣೆಗೆ ಬಂದರು. ಎಚ್.ಆರ್. ಆಫೀಸರನ್ನು ಅಲ್ಲಿಗೇ ಕರೆಸಿದರು. ಮೂವತ್ತೈದು ದಾಟದ ಮನುಷ್ಯ. ನಿಂತುಕೊಂಡೇ ಮೊದಲ ಹಾಳೆ ಓದಿದರು. ಆಮೇಲೆ ಪಟ್ಟಿ ತಿರುಗಿಸಿದರು. ಅದನ್ನು ಹೆಚ್ಚು ಹೊತ್ತು ನೋಡಿದರು.

“ಇದನ್ನ ಯಾರಮ್ಮ ಬರ್ದಿದ್ದು?”

“ನಾನು ಸರ್.”

“ಏನ್ ಓದಿದೀರಾ?”

“ಬಿ.ಎ. ಹಿಸ್ಟರಿ.”

“ಬಾಳ ನೀಟಾಗಿದೆ. ನಮ್ ಆಫೀಸಲ್ಲಿ ಕಂಪ್ಯೂಟರ್ ಇಟ್ಕೊಂಡೂ ಇಷ್ಟು ನೀಟಾಗಿ ಮಾಡಲ್ಲ. ಲೈನ್ ಪ್ರಕಾರನೂ ಹಾಕ್ಬಿಟ್ಟಿದೀರಾ” ಎಂದರು.

ನಾನು ನಕಲು ಮುಂದೆ ಹಿಡಿದು ಸೀಲ್ ಕೇಳಿದೆ. ತಕರಾರಿಗೆ ಸಿದ್ಧವಾಗಿಯೇ ಹೋಗಿದ್ದೆ. ಅವರು ಸೆಕ್ಯುರಿಟಿಯವನನ್ನು ಮೇಲೆ ಕಳಿಸಿ ಸೀಲ್ ತರಿಸಿ, ತಾರೀಖು ಹಾಕಿ, ಸಹಿ ಮಾಡಿ ಕೊಟ್ಟರು. ಒಂದು ನಿಮಿಷವೂ ಯೋಚಿಸಲಿಲ್ಲ. ಅಲ್ಲೇ ನನಗೆ ಅನುಮಾನ ಬರಬೇಕಿತ್ತು. ಬದಲಿಗೆ ನಾವು ಮೂವರೂ ಖುಷಿಯಾದೆವು. “ನೋಡ್ದಾ, ಓದಿರೋರ್ ಮುಂದೆ ಹೆಂಗ್ ನಡ್ಕೋತಾರೆ” ಎಂದಳು ಚಿಕ್ಕಮ್ಮ.

ಸಂಘದ ಅಕ್ಕನಿಗೆ ಫೋನ್ ಮಾಡಿ ಹೇಳಿದೆ, ಹೆಮ್ಮೆಯಿಂದಲೇ. ಅವಳು ಕೇಳಿದಳು:

“ಟೋಕನ್ ನಂಬರೂ ಹಾಕಿದೀಯಾ?”

“ಹಾಕಿದೀನಿ ಅಕ್ಕ. ಪಕ್ಕಾ ಇರ್ಲಿ ಅಂತ.”

“ಸರ್ಕಾರಿ ಆಫೀಸಲ್ಲಿ ಕೂತಿರೋನಿಗೆ ನಿಮ್ಮನ್ನ ಊರಿಂದ ತೆಗ್ಯಕ್ಕಾಗಲ್ಲ ಕಣಮ್ಮ. ಇಲ್ಲಿ ಕೂತಿರೋನಿಗೆ ತೆಗ್ಯೋದೇ ಕೆಲ್ಸ.” ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮೊದಲ ವಾರ ಏನೂ ಆಗಲಿಲ್ಲ. ಎರಡನೆಯ ವಾರ ಪ್ರತಿ ಲೈನಿಗೆ ಇನ್ನೊಂದು ಬಿಲ್ಲೆ ಕೊಟ್ಟರು. ಹೆಂಗಸರು ವ್ಯಾನಿನಲ್ಲಿ ಕಡಲೆಕಾಯಿ ಹಂಚಿ ತಿಂದರು. ಮೂರನೆಯ ವಾರ ಲೈನುಗಳನ್ನು ಕಲಸತೊಡಗಿದರು. ‘ಉತ್ಪಾದನೆಯ ಅನುಕೂಲಕ್ಕಾಗಿ’ ಎಂದು ಬೋರ್ಡಿಗೆ ನೋಟಿಸು ಅಂಟಿಸಿದರು. ಸಹಿ ಹಾಕಿದವರು ಒಂದು ಲೈನಿನಲ್ಲಿ ನಾಲ್ಕೈದು ಜನರಿಗಿಂತ ಹೆಚ್ಚು ಉಳಿಯದಂತೆ ಹರಡಿದರು. ಹತ್ತು ವರ್ಷ ತೋಳು ಕೂರಿಸಿದವಳಿಗೆ ಗೊತ್ತಿಲ್ಲದ ಮಿಷನ್ ಕೊಟ್ಟು, ಟಾರ್ಗೆಟ್ ಬರಲಿಲ್ಲವೆಂದು ಮೆಮೊ ಕೊಟ್ಟರು. ಟೈಲರುಗಳನ್ನು ದಾರ ಕತ್ತರಿಸಲು ನಿಲ್ಲಿಸಿದರು. ನಮ್ಮ ವ್ಯಾನಿನ ದಾರಿ ಬದಲಾಯಿಸಿ, ಎರಡು ಕಿಲೋಮೀಟರು ಆಚೆಯ ಕ್ರಾಸಿನಲ್ಲಿ ಹತ್ತಿಸಿಕೊಳ್ಳುವಂತೆ ಮಾಡಿದರು. ಯಾರನ್ನೂ ಕೆಲಸದಿಂದ ತೆಗೆಯಲಿಲ್ಲ. ತೆಗೆದಿದ್ದರೆ ಕಾರ್ಮಿಕ ಇಲಾಖೆಗೆ ಹೋಗಿ ಕೇಳಬಹುದಿತ್ತು.

ಇದನ್ನೆಲ್ಲ ಅಷ್ಟು ಬೇಗ, ಅಷ್ಟು ಕರಾರುವಾಕ್ಕಾಗಿ ಮಾಡಲು ಅವರಿಗೆ ನನ್ನ ಪಟ್ಟಿ ಸಾಕಾಯಿತು. ಹುಡುಕುವ ಕಷ್ಟವೇ ಇರಲಿಲ್ಲ.

ಆಮೇಲೆ ಒಬ್ಬೊಬ್ಬರನ್ನೇ ಮೇಲೆ ಕರೆದರು. ಟೈಪ್ ಮಾಡಿದ ಒಂದು ಕಾಗದ ಇತ್ತು. ‘ನನಗೆ ಓದಲು ಬಾರದ ಕಾರಣ, ಅರ್ಜಿಯಲ್ಲಿ ಏನು ಬರೆದಿದೆ ಎಂದು ತಿಳಿಯದೆ, ಹೊರಗಿನವರ ಮಾತು ಕೇಳಿ ಸಹಿ ಮಾಡಿರುತ್ತೇನೆ. ನನಗೆ ಯಾವುದೇ ದೂರು ಇರುವುದಿಲ್ಲ’ ಎಂದು. ಅದಕ್ಕೆ ಸಹಿ ಹಾಕಿದವರು ಹಳೆಯ ಮಿಷನ್ನಿಗೆ ವಾಪಸ್. ಹಾಕದವರಿಗೆ ತುಮಕೂರಿನಾಚೆಯ ಯೂನಿಟ್ಟಿಗೆ ವರ್ಗಾವಣೆ. ಒಂದು ದಿನಕ್ಕೆ ಹತ್ತು, ಹದಿನೈದು ಜನ ಸಹಿ ಹಾಕಿದರು. ಸಂಘದ ಫಾರಂ ಕೊಟ್ಟಿದ್ದವರು ಅದನ್ನೂ ವಾಪಸ್ ಕೇಳಿದರು. ನಾನು ಯಾರನ್ನೂ ದೂರುವುದಿಲ್ಲ. ಮನೆಯಲ್ಲಿ ಹಾಲು ಕುಡಿಯುವ ಮಗು ಇಟ್ಟುಕೊಂಡು ತುಮಕೂರಿನಾಚೆಗೆ ಯಾರು ಹೋಗುತ್ತಾರೆ.

ಕೊನೆಗೆ ಉಳಿದವರು ಒಂಬತ್ತು ಜನ. ಅವರಲ್ಲಿ ಅಮ್ಮ, ಚಿಕ್ಕಮ್ಮ.

ಅಮ್ಮನಿಗೆ ವರ್ಗಾವಣೆ ಪತ್ರ ಬಂದ ದಿನ ನಾನು ಎಚ್.ಆರ್. ಆಫೀಸಿಗೆ ಹೋದೆ. ಈ ಸಲ ಒಳಗೇ ಬಿಟ್ಟರು. ಆಫೀಸರು ಕೂರಲು ಹೇಳಿ ನೀರು ಕೊಡಿಸಿದರು.

“ನಾನೂ ನಿಮ್ ಥರನೇ ಕಣಮ್ಮ. ಹೊಸಕೋಟೆ ಕಡೆ ಹಳ್ಳಿ. ನಮ್ಮಪ್ಪ ಹೆಬ್ಬೆಟ್ಟು. ನಮ್ ಮನೇಲೂ ಓದಿದ್ದು ನಾನೊಬ್ನೇ. ಮೇಲಿಂದ ಏನ್ ಹೇಳ್ತಾರೋ ಅದನ್ನ ಮಾಡ್ತೀನಿ. ನಾಳೆ ಆರ್ಡರ್ ಕಮ್ಮಿ ಆಯ್ತು ಅಂದ್ರೆ ನನ್ನೂ ಮನೇಗ್ ಕಳಿಸ್ತಾರೆ. ನಿಮ್ ತಾಯಿ ಒಳ್ಳೇ ವರ್ಕರ್ರು. ಒಂದ್ ಸಹಿ ಹಾಕ್ಸಿ, ಕೂತಿರೋ ಜಾಗ ಅಲ್ಲಾಡ್ದಂಗೆ ನಾನ್ ನೋಡ್ಕೋತೀನಿ.”

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಅದೇ ನನ್ನನ್ನು ಕಂಗೆಡಿಸಿತು. ಜಗಳಕ್ಕೆಂದು ಹೋದವಳು ಕೃತಜ್ಞತೆ ಹೇಳಿ ಎದ್ದೆ.

ಮನೆಯಲ್ಲಿ ನಾನು ಅಮ್ಮನಿಗೆ ಸಹಿ ಹಾಕು ಎಂದೆ. ಎಂ.ಎ. ಸೀಟು ಸಿಕ್ಕಿತ್ತು. ಅಪ್ಪನ ಮಗ್ಗ ಆ ತಿಂಗಳು ನಿಂತಿತ್ತು. ಹಾಗೆಂದು ನಾನು ನನ್ನ ಓದಿನ ಮಾತು ತೆಗೆಯಲಿಲ್ಲ, ನಿನ್ನ ಆರೋಗ್ಯ, ನಿನ್ನ ವಯಸ್ಸು ಎಂದೆಲ್ಲ ಹೇಳಿದೆ. ಅಮ್ಮ ಅಕ್ಕಿ ಆರಿಸುತ್ತಿದ್ದಳು.

“ನಾನ್ ಓದ್ಕೊಂಡೇ ಅಲ್ವಾ ಹಾಕಿದ್ದು?”

“ಹೌದಮ್ಮ.”

“ಮತ್ತೆ ಓದಕ್ ಬರಲ್ಲ ಅಂತ ಹೆಂಗೇ ಬರ್ಕೊಡ್ಲಿ?”

“ಒಂದು ಕಾಗದ ಅಷ್ಟೇ ಅಮ್ಮ. ಯಾರ್ ನೋಡ್ತಾರೆ?”

“ಹಂಗಾರೆ ಮೊದ್ಲಿಂದೂ ಒಂದ್ ಕಾಗ್ದ ಅಷ್ಟೇ ಅನ್ನು.”

ಆದರೂ ನಾನು ಬಿಡಲಿಲ್ಲ. ಮೂರು ದಿನ ಹೇಳಿದೆ. ಮೂರನೆಯ ದಿನ, “ನಿಂಗೋಸ್ಕರ ನಾನ್ ಓದಿದ್ದು, ಈಗ ನಿಂಗೇ ಅರ್ಥ ಆಗಲ್ಲ ಅಂದ್ರೆ ಹೆಂಗೆ” ಎಂದುಬಿಟ್ಟೆ. ಯಾರಿಗೋಸ್ಕರ ಯಾರು ಏನು ಮಾಡಿದ್ದು ಎಂದು ನಮ್ಮಿಬ್ಬರಿಗೂ ಗೊತ್ತಿತ್ತು. ಅಮ್ಮ ನನ್ನ ಮುಖ ನೋಡಿ, “ನಾಳೆ ನೀನೂ ಬಾ” ಎಂದಳು.

ಆಫೀಸರು ಕಾಗದವನ್ನು ಮೇಜಿನ ಮೇಲಿಟ್ಟು ಪೆನ್ನು ಕೊಟ್ಟರು. ಸಹಿ ಹಾಕುವ ಜಾಗಕ್ಕೆ ಬೆರಳಿಟ್ಟು ತೋರಿಸಿದರು. ಅಮ್ಮ ಪೆನ್ನು ತೆಗೆದುಕೊಳ್ಳಲಿಲ್ಲ. ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು, ಕಿಟಕಿಯ ಬೆಳಕಿಗೆ ತಿರುಗಿ, ಗಟ್ಟಿಯಾಗಿ ಓದತೊಡಗಿದಳು.

“ನ-ನಗೆ… ಓ-ದಲು… ಬಾ-ರದ… ಕಾ-ರಣ…”

ಆಫೀಸರು, “ಓದ್ಬೇಕಾಗಿಲ್ಲಮ್ಮ, ಸಹಿ ಹಾಕಿ ಸಾಕು” ಎಂದರು. ಅಮ್ಮ ನಿಲ್ಲಿಸಲಿಲ್ಲ. ಒತ್ತಕ್ಷರದಲ್ಲಿ ಎಡವಿ, ಹಿಂದೆ ಹೋಗಿ, ಸರಿ ಮಾಡಿಕೊಂಡು, ಒಂದೊಂದೇ ಪದ ಓದಿದಳು. ‘ಹೊರಗಿನವರ ಮಾತು ಕೇಳಿ’ ಎಂಬಲ್ಲಿ ನನ್ನ ಕಡೆ ನೋಡಲಿಲ್ಲ. ಪಕ್ಕದ ಮೇಜಿನ ಹುಡುಗಿ ಟೈಪ್ ಮಾಡುವುದನ್ನು ನಿಲ್ಲಿಸಿದ್ದಳು. ಆಫೀಸರು ತಲೆ ತಗ್ಗಿಸಿ ಫೈಲು ತಿರುವುತ್ತಿದ್ದರು. ಕೊನೆಯ ಸಾಲಿನವರೆಗೂ ಓದಿ, ಕಾಗದವನ್ನು ಮೇಜಿನ ಮೇಲಿಟ್ಟು, ಸುಕ್ಕು ಸವರಿ, ಅವರು ತೋರಿಸಿದ ಜಾಗದಲ್ಲೇ ಅಮ್ಮ ಸಹಿ ಹಾಕಿದಳು. ಮೂರು ಅಕ್ಷರ, ಕೆಳಗೊಂದು ಗೆರೆ.

“ಮಿಷನ್ನಿಗ್ ಹೋಗ್ಲಾ ಸಾರ್?” ಎಂದಳು.

“ಹೋಗಿ ಅಮ್ಮ.”

ಅಮ್ಮನ ನಂತರ ಇನ್ನೂ ನಾಲ್ವರು ಹಾಕಿದರು. ಅಮ್ಮನೇ ಹಾಕಿದಳಲ್ಲ ಎಂದುಕೊಂಡು ಹಾಕಿದರು. ಚಿಕ್ಕಮ್ಮ ಮತ್ತು ಇನ್ನು ಮೂವರು ಹಾಕಲಿಲ್ಲ. ಚಿಕ್ಕಮ್ಮ ತುಮಕೂರಿನಾಚೆಯ ಯೂನಿಟ್ಟಿಗೆ ಒಂಬತ್ತು ದಿನ ಓಡಾಡಿದಳು. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಮೂರು ಬಸ್ಸು ಬದಲಾಯಿಸಿ ಹೋಗುತ್ತಿದ್ದಳು. ಹತ್ತನೆಯ ದಿನ ಕಾಲು ಊದಿ ಏಳಲಾಗಲಿಲ್ಲ. ರಾಜೀನಾಮೆಯನ್ನು ಅಂಚೆಯಲ್ಲಿ ಕಳಿಸಿದಳು. ಬರೆದುಕೊಡು ಎಂದು ನನ್ನ ಬಳಿ ಬರಲಿಲ್ಲ, ಶಾಲೆಗೆ ಹೋಗುವ ಮೊಮ್ಮಗಳ ಕೈಲಿ ಬರೆಸಿದಳು. ಸಂಘದ ಅಕ್ಕ ಆಮೇಲೆ ಎರಡು ಸಲ ಬಂದಳು. ಎರಡನೆಯ ಸಲ ಅವಳನ್ನು ಮನೆಗೆ ಸೇರಿಸಲು ಯಾರೂ ತಯಾರಿರಲಿಲ್ಲ. ನಮ್ಮ ಜಗಲಿಯಲ್ಲಿ ಕೂತು ನೀರು ಕುಡಿದು ಹೋದಳು. ಸಂಘ ಆಗಲಿಲ್ಲ. ಎರಡನೆಯ ಬಿಲ್ಲೆಯನ್ನು ದೀಪಾವಳಿಯ ನಂತರ ವಾಪಸ್ ತೆಗೆದುಕೊಂಡರು.

ನಾನು ಎಂ.ಎ. ಮುಗಿಸಿ ಈಗ ಒಂದು ಸರ್ಕಾರಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಕೈಗಾರಿಕಾ ಕ್ರಾಂತಿಯ ಪಾಠ ಮಾಡುತ್ತೇನೆ, ಕಾರ್ಮಿಕ ಚಳವಳಿಯ ಪಾಠ ಮಾಡುತ್ತೇನೆ. ನನ್ನ ವಿದ್ಯಾರ್ಥಿನಿಯರಲ್ಲಿ ಅರ್ಧದಷ್ಟು ಜನರ ಅಮ್ಮಂದಿರು ಗಾರ್ಮೆಂಟ್ಸ್‌ನವರೇ. ಆ ಪಾಠದ ದಿನ ಅವರು ಬೇರೆ ದಿನಗಳಿಗಿಂತ ಹೆಚ್ಚು ಸುಮ್ಮನಿರುತ್ತಾರೆ.

ಹೋದ ವರ್ಷ ದೊಡ್ಡಬಳ್ಳಾಪುರದ ಬಸ್ ಸ್ಟ್ಯಾಂಡಿನಲ್ಲಿ ಚಿಕ್ಕಮ್ಮ ಸಿಕ್ಕಿದಳು. ಕೆಲಸ ಬಿಟ್ಟ ವರ್ಷವೇ ಅವರು ಮನೆ ಖಾಲಿ ಮಾಡಿ ಮಗನ ಜೊತೆ ನೆಲಮಂಗಲಕ್ಕೆ ಹೋಗಿದ್ದರು. ಅಲ್ಲಿ ಗೋದಾಮೊಂದರಲ್ಲಿ ಕಂಟ್ರಾಕ್ಟರನ ಕೈಕೆಳಗೆ ಡಬ್ಬಕ್ಕೆ ಟೇಪು ಅಂಟಿಸುತ್ತಾಳೆ. ಬಹಳ ಇಳಿದುಹೋಗಿದ್ದಳು. ನಾನು ತಪ್ಪಿಸಿಕೊಂಡು ಹೋಗೋಣವೆಂದು ನೋಡಿದೆ, ಅವಳೇ ಕೂಗಿದಳು.

“ಏನವ್ವಾ ಮೇಡಮ್ಮು, ಕೆಲ್ಸ ಪರ್ಮನೆಂಟಾಯ್ತಾ?”

“ಇಲ್ಲ ಚಿಕ್ಕಮ್ಮ. ವರ್ಷ ವರ್ಷ ರಿನ್ಯೂ ಮಾಡ್ತಾರೆ. ರಜದಲ್ಲಿ ಸಂಬ್ಳ ಇಲ್ಲ.”

“ಅಯ್ಯೋ, ನಿಮ್ಗೂ ಹಂಗೇನಾ? ನಿಮ್ದೂ ಒಂದ್ ಸಂಘ ಗಿಂಘ ಇಲ್ವಾ?”

“ಇದೆ.”

“ಸೇರಿದೀಯಾ?”

ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಸದಸ್ಯರ ಪಟ್ಟಿ ಪ್ರಿನ್ಸಿಪಾಲರ ಮೇಜಿಗೆ ಹೋಗುತ್ತದೆ ಎಂದು ಒಬ್ಬರು ಹೇಳಿದ್ದರು, ಅದಕ್ಕೆ ಫಾರಂ ಬ್ಯಾಗಿನಲ್ಲೇ ಇದೆ ಎಂದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

“ನಿಮ್ಮಮ್ಮ ಹೆಂಗವ್ಳೆ? ಇನ್ನೂ ಕಾಲರ್ರೇನಾ?”

“ಕಾಲರ್ರೇ. ಇನ್ನೆರಡು ವರ್ಷಕ್ಕೆ ರಿಟೈರು.”

“ಅಷ್ಟಾದ್ರೂ ಉಳೀತಲ್ಲ” ಎಂದಳು. ನೆಲಮಂಗಲದ ಬಸ್ಸು ಬಂತು. ಹತ್ತುವ ಮುಂಚೆ ತಿರುಗಿ, “ನಾನ್ ಕೇಳ್ದೆ ಅಂತ ಹೇಳು” ಎಂದಳು.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅಮ್ಮ ರೊಟ್ಟಿ ತಟ್ಟುತ್ತಿದ್ದಳು. ಅವಳ ಕಾಲಿನ ಊತ ಇಳಿದಿದೆಯಾ ಎಂದು ಕೇಳಿದಳು. ನಾನು ಅವಳ ಕಾಲು ನೋಡಿರಲಿಲ್ಲ. ಹಾಗೆಂದೆ. ಅಮ್ಮ ರೊಟ್ಟಿ ಮಗುಚಿ ಹಾಕಿದಳು.